ಸ್ಟೀಲ್ ಪಾತ್ರೆಯ ಗೀರುಗಳು, ಮತ್ತು ಆ ಸ್ಟಿಕ್ಕರ್

ತಾಳಿ, ಕ್ಯಾಮೆರಾವನ್ನು ಸ್ವಲ್ಪ ಬಗ್ಗಿಸುತ್ತೇನೆ. ಈಗ ಕಾಣಿಸುತ್ತಿದೆ. ಬಾಣಲೆಯ ಒಳಗೆ, ತಳದ ತುಂಬ ಸುತ್ತುಸುತ್ತಾಗಿ ಸಣ್ಣ ಗೀರುಗಳು. ಹೊರಗೆ, ಹಿಡಿಕೆಯ ಕೆಳಗೆ, ಅಡ್ಡಡ್ಡ ಒಂದು ಉದ್ದನೆಯ ಗೀರು. ದೀಪ ನೇರವಾಗಿದ್ದರೆ ಇವು ಕಣ್ಣಿಗೆ ಬೀಳುವುದಿಲ್ಲ, ಓರೆಯಾಗಿ ಹಿಡಿದರೆ ಒಂದೊಂದೂ ಎದ್ದು ಕಾಣುತ್ತದೆ. ಇಷ್ಟು ಗೀರು ಬಿದ್ದ ಪಾತ್ರೆಯಲ್ಲಿ ಅಡುಗೆ ಮಾಡಬಹುದೇ ಎಂದು ಕೇಳುವವರು ಬಹಳ. ಧಾರಾಳವಾಗಿ ಮಾಡಬಹುದು. ನಾನ್‌ಸ್ಟಿಕ್ ಪಾತ್ರೆಯ ಭಯವನ್ನು ತಂದು ಸ್ಟೀಲಿಗೆ ಹಚ್ಚಬೇಡಿ. ಅದರಲ್ಲಿ ಲೋಹದ ಮೇಲೆ ಬೇರೆಯದೇ ಲೇಪವಿರುತ್ತದೆ, ಗೀರು ಬಿದ್ದಲ್ಲಿ ಅದು ಎದ್ದು ಬರುತ್ತದೆ. ಇಲ್ಲಿ ಎದ್ದು ಬರಲು ಏನೂ ಇಲ್ಲ. ಗೀರಿನ ಕೆಳಗಿರುವುದೂ ಸ್ಟೀಲೇ.

ತೊಳೆಯುವುದನ್ನು ನೋಡುತ್ತಿದ್ದೀರಿ, ಹೇಳುವುದೇನೂ ಇಲ್ಲ. ನೊರೆ ಹೋಗುವಷ್ಟರಲ್ಲಿ ಒಂದು ಮಾತು. ಸ್ಟೇನ್‌ಲೆಸ್ ಎನಿಸಿಕೊಳ್ಳಬೇಕಾದರೆ ಉಕ್ಕಿನಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇರಬೇಕು. ಪಾತ್ರೆಯ ಅಡಿಯಲ್ಲಿ 18/8 ಅಥವಾ 18/10 ಎಂದು ಅಚ್ಚಾಗಿದ್ದರೆ ಮೊದಲ ಅಂಕಿ ಕ್ರೋಮಿಯಮ್ಮಿನ ಪ್ರಮಾಣ, ಎರಡನೆಯದು ನಿಕಲ್‌ನದು. ಆ ಕ್ರೋಮಿಯಂ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಮೇಲ್ಮೈಯಲ್ಲಿ ಕೆಲವೇ ನ್ಯಾನೊಮೀಟರ್ ದಪ್ಪದ ಪೊರೆ ಕಟ್ಟುತ್ತದೆ. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಗೀರು ಬಿದ್ದಾಗ ಹರಿಯುವುದು ಈ ಪೊರೆ. ಗಾಳಿ ತಗಲಿದೊಡನೆ ಅದು ಮತ್ತೆ ಕಟ್ಟಿಕೊಳ್ಳುತ್ತದೆ, ತರಚಿದ ಚರ್ಮ ಮಾಯುವ ಹಾಗೆ, ಆದರೆ ಅದಕ್ಕಿಂತ ಎಷ್ಟೋ ಬೇಗ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಇಂಥ ಉಕ್ಕನ್ನು ಎರಕ ಹೊಯ್ದದ್ದು ಪಾತ್ರೆ ಮಾಡುವುದಕ್ಕಲ್ಲ, ಬೇಗ ಸವೆಯದ ಬಂದೂಕಿನ ನಳಿಗೆ ಬೇಕೆಂದು. ಶೆಫೀಲ್ಡ್ ಚಾಕು ಚೂರಿಗೆ ಹೆಸರಾದ ಊರು, ಹಾಗಾಗಿ ಅದು ಬಲುಬೇಗ ಊಟದ ಮೇಜಿನ ಚಾಕುವಾಗಿ... ಸರಿ, ನೊರೆ ಹೋಯಿತು, ಒರೆಸೋಣ.

ಉಗುರನ್ನು ಗೀರಿಗೆ ಅಡ್ಡವಾಗಿ ಎಳೆಯುತ್ತೇನೆ. ಒಳಗಿನವು ಉಗುರಿಗೆ ಸಿಗುತ್ತಲೇ ಇಲ್ಲ. ಇವನ್ನು ಹಾಗೆಯೇ ಬಿಟ್ಟುಬಿಡಿ. ಸೌಟು ಆಡುವ ಜಾಗದಲ್ಲಿ ಗೀರು ಬೀಳದೆ ಇನ್ನೇನು ಬಿದ್ದೀತು? ಹೊರಗಿನದು ಮಾತ್ರ ಕಿರ್ ಎಂದು ಉಗುರನ್ನು ಹಿಡಿಯುತ್ತಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಇದನ್ನು ನೋಡಿ. ಹೊಸ ಪಾತ್ರೆ, ಇನ್ನೂ ಒಲೆ ಕಂಡಿಲ್ಲ. ಹೊಳೆಯುವ ತಳದ ನಟ್ಟನಡುವೆ ಅಂಗೈಯಗಲದ ಸ್ಟಿಕ್ಕರ್! ನನಗೆ ಸಿಟ್ಟು ಬರುವುದು ಇಲ್ಲಿಯೇ. ಮೂಲೆಯನ್ನು ನಿಧಾನವಾಗಿ ಎತ್ತುತ್ತಿದ್ದೇನೆ, ಬರುತ್ತಿದೆ, ಬರುತ್ತಿದೆ... ಹರಿಯಿತು. ಮೇಲಿನ ನುಣುಪು ಪದರ ಮಾತ್ರ ಕೈಗೆ ಬಂತು. ಕೆಳಗಿನ ಬಿಳಿ ಕಾಗದ, ಅದರ ಕೆಳಗಿನ ಗೋಂದು ಅಲ್ಲಿಯೇ ಗಟ್ಟಿಯಾಗಿ ಕೂತಿವೆ. ಈ ಕಾಗದಕ್ಕೆ ಮುಚ್ಚಳವಿರಲಿಲ್ಲವೇ, ಹಿಡಿಕೆಯಿರಲಿಲ್ಲವೇ, ಪಾತ್ರೆ ಬರುವ ಪೆಟ್ಟಿಗೆಯಿರಲಿಲ್ಲವೇ? ಅಡುಗೆ ಬೇಯುವ ಜಾಗವೇ ಬೇಕಿತ್ತೇ? ಮಾಲು ಮಾಡುವವರು ದಿನವಿಡೀ ಉಜ್ಜಿ ಹೊಳಪು ತರುತ್ತಾರೆ, ಕೊನೆಗೆ ಯಾರೋ ಬಂದು ಅದರ ಮೇಲೆ ಇದನ್ನು ಒತ್ತಿ ಹೋಗುತ್ತಾರೆ. ಕೊಂಡವರು ಏನು ಮಾಡುತ್ತಾರೆ? ಚಾಕುವಿನ ತುದಿಯಿಂದ ಕೆರೆಯುತ್ತಾರೆ. ಇಲ್ಲವೇ ಹಸಿರು ಸ್ಕ್ರಬ್ಬರ್ ಹಿಡಿದು ತಿಕ್ಕುತ್ತಾರೆ. ಆ ಹಸಿರು ನಾರಿಗೆ ಅಂಟಿಸಿರುವುದು ಉಕ್ಕಿಗಿಂತ ಗಟ್ಟಿಯಾದ ಹರಳುಪುಡಿ. ಪಾತ್ರೆಯ ಮೊದಲ ಗೀರು ಅಡುಗೆಯಿಂದ ಬೀಳುವುದಿಲ್ಲ, ಸ್ಟಿಕ್ಕರಿನಿಂದ ಬೀಳುತ್ತದೆ. ಅದನ್ನು ಕೊಂಡವರ ತಲೆಗೆ ಕಟ್ಟುವುದು ಅನ್ಯಾಯ.

ನೀವು ಕೆರೆಯಬೇಡಿ. ಬಿಸಿನೀರು ಹಾಕಿ ಕಾಗದವನ್ನು ನೆನೆಯಲು ಬಿಡಿ, ಬೆರಳಿನಿಂದ ಉರುಳಿಸಿದರೆ ಮುದ್ದೆಯಾಗಿ ಬರುತ್ತದೆ. ಉಳಿದ ಗೋಂದಿಗೆ ಅಡುಗೆ ಎಣ್ಣೆ. ಸವರಿ, ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಿಂದ ಒರೆಸಿ. ನೋಡಿ, ಬೆರಳಿಗೆ ಅಂಟುತ್ತಿದ್ದದ್ದು ಈಗ ಜಾರುತ್ತಿದೆ. ಸಾಬೂನು ಹಾಕಿ ತೊಳೆದರೆ ಮುಗಿಯಿತು. ಗೋಂದು ಉಳಿದಿರುವಾಗಲೇ ಒಲೆಗೆ ಇಟ್ಟರೆ ಮಾತ್ರ ಅದು ಸುಟ್ಟು ಕಂದಾಗಿ ಹಿಡಿದುಕೊಳ್ಳುತ್ತದೆ, ಆಮೇಲೆ ಇದರ ಹತ್ತರಷ್ಟು ಕಷ್ಟ.

ಈಗ ಹೊರಗಿನ ಗೀರು. ಗೀರು ತೆಗೆಯುವ ಉಸಾಬರಿಯೇ ಬೇಡ ಎನ್ನುವವರ ಪೈಕಿ ನಾನು. ಆದರೆ ಇದನ್ನು ಇಷ್ಟು ಹತ್ತಿರದಿಂದ ನೋಡುತ್ತಿದ್ದರೆ ತೆಗೆಯೋಣ ಎನಿಸುತ್ತಿದೆ. ಮಾಸಲು ಹೊಳಪಿನ ಈ ಮೈಯನ್ನು ನೋಡಿ. ಕೂದಲೆಳೆಯಷ್ಟು ಸಣ್ಣ ಗೆರೆಗಳು, ಎಲ್ಲವೂ ಒಂದೇ ದಿಕ್ಕಿಗೆ. ಇವೂ ಗೀರುಗಳೇ! ಕಾರ್ಖಾನೆಯಲ್ಲಿ ಬೇಕೆಂದೇ ಉಜ್ಜಿ ಎಳೆದವು. ನಮ್ಮ ಗೀರು ಅಡ್ಡ ಬಿದ್ದಿದೆ, ಅದಕ್ಕೇ ಕಣ್ಣಿಗೆ ಚುಚ್ಚುತ್ತದೆ. ಅಡುಗೆ ಸೋಡಾಕ್ಕೆ ನೀರು ಬೆರೆಸಿ ಕಲಸಿಕೊಂಡಿದ್ದೇನೆ. ಗೆರೆಗಳು ಹೋಗುವ ದಿಕ್ಕಿಗೇ ಉಜ್ಜಬೇಕು, ಸುತ್ತಾಗಿ ಉಜ್ಜಲೇಬಾರದು. ಸೋಡಾ ಮೆದು, ಮಬ್ಬನ್ನು ತೆಗೆಯುತ್ತದೆ, ಉಗುರಿಗೆ ಸಿಗುವ ಗೀರಿಗೆ ಸಾಲದು. ಅದಕ್ಕೆ ನಯವಾದ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ, ಅದೇ ದಿಕ್ಕಿಗೆ, ಹಗುರವಾಗಿ. ಪಳಪಳ ಹೊಳೆಯುವ ಪಾತ್ರೆಗೆ ಇದನ್ನು ಮುಟ್ಟಿಸಲೇಬೇಡಿ, ಹೊಳಪು ಹೋಗಿ ಅಲ್ಲಿ ಮಬ್ಬು ಪಟ್ಟೆ ಉಳಿಯುತ್ತದೆ. ಸಾದಾ ಕಬ್ಬಿಣದ ನಾರೂ ಬೇಡ. ಅದರ ಚೂರುಗಳು ಗೀರಿನಲ್ಲಿ ಸಿಕ್ಕಿಕೊಂಡು ತುಕ್ಕು ಹಿಡಿಯುತ್ತವೆ, ಜನ ಪಾತ್ರೆಗೇ ತುಕ್ಕು ಹಿಡಿಯಿತೆಂದು ಬೈಯುತ್ತಾರೆ.

ಒಣಗಿಸಿ ಬೆಳಕಿಗೆ ಹಿಡಿಯುತ್ತೇನೆ. ಪೂರ್ತಿ ಹೋಗಿಲ್ಲ, ಆದರೆ ಹುಡುಕಿದರೆ ಮಾತ್ರ ಸಿಗುತ್ತದೆ. ನನಗೆ ಇಷ್ಟು ಸಾಕು.

ಗೀರಿಗಿಂತ ನಾನು ಹೆಚ್ಚು ಹೆದರುವುದು ಗುಳಿಗಳಿಗೆ. ಇನ್ನೊಂದು ಪಾತ್ರೆಯ ತಳ ತೋರಿಸುತ್ತೇನೆ, ಈ ಸೂಜಿಮೊನೆಯಂಥ ಚುಕ್ಕೆಗಳು. ತಣ್ಣೀರಿಗೆ ಉಪ್ಪು ಹಾಕಿದರೆ ಹರಳು ತಳದಲ್ಲಿ ಕೂರುತ್ತದೆ, ಅದರ ಕ್ಲೋರೈಡ್ ಪೊರೆಯನ್ನು ಅಲ್ಲಲ್ಲಿ ಕೊರೆಯುತ್ತದೆ. ಒಮ್ಮೆ ಗುಳಿ ಬಿದ್ದರೆ ಉಜ್ಜಿ ತೆಗೆಯಲು ಆಗುವುದಿಲ್ಲ. ನೀರು ಕುದಿ ಬಂದ ಮೇಲೆ ಉಪ್ಪು ಹಾಕಿ ಕದಡಿ. ಈ ಪಾತ್ರೆಯನ್ನೂ ಎಸೆಯುವ ಅಗತ್ಯವಿಲ್ಲ. ಎಸೆಯಬೇಕಾದದ್ದು, ಮೂರು ಪದರದ ಪಾತ್ರೆಯ ಒಳಮೈ ಸವೆದು ನಡುವಿನ ಅಲ್ಯೂಮಿನಿಯಂ ಕಾಣತೊಡಗಿದಾಗ. ಅಂಥ ಪಾತ್ರೆಯ ಒಳಗೆ ಉಜ್ಜುವ ಯಂತ್ರ ಹಿಡಿಯಲೇಬಾರದು ಎನ್ನುವುದು ಇದಕ್ಕೇ, ಒಳಗಿನ ಸ್ಟೀಲ್ ಪದರ ತೆಳುವಾಗಿಯೇ ಇರುತ್ತದೆ.

ಬ್ಯಾಟರಿ ಕೆಂಪು ತೋರಿಸುತ್ತಿದೆ. ಕಾಮನಬಿಲ್ಲಿನ ಬಣ್ಣದ ಕಲೆಗಳ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ: ಅವು ಬಿಸಿಗೆ ಪೊರೆ ದಪ್ಪವಾದದ್ದರಿಂದ ಬಂದವು, ಸ್ವಲ್ಪ ವಿನೆಗರ್ ಹಾಕಿ ಒರೆಸಿದರೆ ಹೋಗುತ್ತವೆ.