ನಂಬರ್ ಆಮೇಲೆ, ಮೊದಲು ಮನಸ್ಸು

ಕೇಳುಗರಿಗೆಲ್ಲ ಶರಣು. ಕಲಬುರಗಿ, ಬೀದರ, ಯಾದಗಿರಿ ಕಡೆ ಈ ವರ್ಷ ಕಾನೂನು ಓದಲು ಸೇರಿದ ಮಕ್ಕಳೇ, ಇವತ್ತಿನ ಮಾತು ನಿಮಗೆ.

ಕ್ರಿಮಿನಲ್ ಕಾನೂನು ಅಂದ ಕೂಡಲೇ ನೀವು ಕಲಮಿನ ನಂಬರ್ ಬಾಯಿಪಾಠ ಮಾಡಲು ಕೂರುತ್ತೀರಿ. ದಯವಿಟ್ಟು ಬೇಡ. ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿ 302 ಅಂದರೆ ಕೊಲೆ ಅಂತ ಊರಿಗೆಲ್ಲ ಗೊತ್ತಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು, ಕೊಲೆ 103ಕ್ಕೆ ಹೋಯಿತು. ಬಾಯಿಪಾಠ ನೀರುಪಾಲಾಯಿತು, ಅಲ್ವಾ? ಕೈ ಏನು ಮಾಡಿತು ಅನ್ನುವುದರ ಜೊತೆಗೆ ಮನಸ್ಸಿನಲ್ಲಿ ಏನಿತ್ತು ಅಂತ ಕೇಳಿ.

ನಾನು ಆಗಷ್ಟೇ ಕರಿ ಕೋಟು ಹಾಕಿದ್ದೆ. ತೊಗರಿ ರಾಶಿ ಮುಗಿದ ಕಾಲ, ಗಂಜ್‌ನಲ್ಲಿ ಕಾಲಿಡಲು ಜಾಗವಿಲ್ಲ. ರೇಟು ಬರಲಿಲ್ಲ ಅಂತ ಒಬ್ಬ ರೈತ ಕತ್ತಲಲ್ಲೇ ತನ್ನ ಐದು ಚೀಲ ಟೆಂಪೋಕ್ಕೆ ಹೇರಿಕೊಂಡು ಊರಿಗೆ ಹೋದ. ಮನೆ ಮುಂದೆ ಇಳಿಸುವಾಗ ಹೆಂಡತಿ ಬ್ಯಾಟರಿ ಬಿಟ್ಟು ನೋಡಿದಳು. ಮೂರು ಚೀಲದ ಬಾಯಿಗೆ ಸುತಳಿ ಹೊಲಿಗೆ, ಎರಡಕ್ಕೆ ಹಸಿರು ದಾರ. ಪಕ್ಕದ ರಾಶಿಯವರ ಚೀಲ! ಬೆಳಗಾಗುತ್ತಲೇ ಅದೇ ಟೆಂಪೋದಲ್ಲಿ ವಾಪಸ್ ತಂದ. ಅಷ್ಟರಲ್ಲಿ ಕಳವಿನ ದೂರು ಹೋಗಿತ್ತು. "ವಕೀಲ್ ಸಾಹೇಬ್ರ, ನಾ ಕಳ್ಳ ಅಲ್ರಿ" ಅಂತ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

ನಿಜವಾಗಿಯೂ ಅಲ್ಲ. ಕಳವು ಆಗ 378, ಈಗ 303. ಪರರ ವಶದಲ್ಲಿದ್ದ ವಸ್ತು, ಅವರ ಒಪ್ಪಿಗೆ ಇಲ್ಲ, ಇದ್ದ ಜಾಗದಿಂದ ಕದಲಿಸಿದ್ದೂ ಹೌದು. ಇಲ್ಲದಿದ್ದದ್ದು ಮೋಸದ ಉದ್ದೇಶ. ತನ್ನದೇ ಅಂತ ನಂಬಿ ಎತ್ತಿದ್ದ. ಚೀಲ ಮತ್ತೆ ಅವರವರ ಕೈಸೇರಿದವು, ದೂರು ಅಲ್ಲಿಗೇ ನಿಂತಿತು.

ಈಗ ಇನ್ನೊಂದು ನೋಡಿ. ಹಸಿರು ದಾರ ಕಂಡ ಮೇಲೆ ಅದನ್ನು ಬಿಚ್ಚಿ, ಸುತಳಿ ಹೊಲಿದು, ಸುಮ್ನೆ ಮಾರಿಬಿಟ್ಟಿದ್ದರೆ? ಆಗಲೂ ಕಳವಲ್ಲ, ಏಕೆಂದರೆ ಎತ್ತುವಾಗ ಮೋಸವಿರಲಿಲ್ಲ. ಆದರೆ ಪರರ ಸ್ವತ್ತನ್ನು ಮೋಸದಿಂದ ತನ್ನದಾಗಿಸಿಕೊಂಡ ಅಪರಾಧ, ಈಗಿನ 314. ಚೀಲ ಅದೇ, ಕೈ ಅದೇ. ಬ್ಯಾಟರಿ ಬೆಳಕಿನಲ್ಲಿ ಮನಸ್ಸು ಯಾವ ಕಡೆ ತಿರುಗಿತು ಅನ್ನುವುದೇ ಎಲ್ಲ.

ಸಮಯ ಕಡಿಮೆ ಇದೆ, ಬೇಗ ಹೇಳುತ್ತೇನೆ. ಎಫ್‌ಐಆರ್ ಆದ ಮಾತ್ರಕ್ಕೆ ಅಪರಾಧಿಯಲ್ಲ. ಜಾಮೀನು ಅಂದರೆ ಖುಲಾಸೆಯಲ್ಲ. ಏಳು ವರ್ಷದೊಳಗಿನ ಮಗು ಏನೇ ಮಾಡಿದರೂ ಅಪರಾಧವಲ್ಲ, 20ನೇ ಕಲಮು. ಯಾಕೆ? ಮತ್ತೆ ಮನಸ್ಸೇ!

ಗೈಡ್ ಪಕ್ಕಕ್ಕಿಡಿ, ಬೇರ್ ಆಕ್ಟ್, ಅಂದರೆ ಕಾನೂನಿನ ಮೂಲ ಪಠ್ಯ, ತೆಗೆಯಿರಿ. 303ರ ಕೆಳಗೆ ದೃಷ್ಟಾಂತಗಳಿವೆ. ಇವತ್ತು ರಾತ್ರಿ ಒಂದೊಂದನ್ನೇ ಓದಿ, ಅವನ ಮನಸ್ಸಿನಲ್ಲಿ ಏನಿತ್ತು ಅಂತ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಬರೆಯಿರಿ. ನಮಸ್ಕಾರ.