ನಿಮ್ಮ ವಿಂಡೋ ಪಕ್ಕದ ಮನೆ ಟ್ಯಾಂಕ್ ಹತ್ರ ಏನ್ ಮಾಡ್ತಿದೆ?

ನಮಸ್ಕಾರ, ಹಾಸನದಿಂದ. ಬೇಲೂರಿನ ವೀಕ್ಷಕರೊಬ್ಬರ ಗೋಳು: ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ಓಪನ್ ಮಾಡಿದ್ರೆ ಕೆಳಗೆ ಟಾಸ್ಕ್‌ಬಾರಲ್ಲಿ ಕಾಣುತ್ತಂತೆ, ಪರದೆ ಮೇಲೆ ಮಾತ್ರ ಇಲ್ಲ. ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದ್ರೂ ಅದೇ ಕಥೆ. ವೈರಸ್ ಅಲ್ಲ ಸಾರ್, ಅದಕ್ಕೆ ಜ್ಞಾಪಕಶಕ್ತಿ ಜಾಸ್ತಿ ಆಗಿದೆ.

ಮುಚ್ಚೋವಾಗ ವಿಂಡೋ ಎಲ್ಲಿತ್ತು ಅಂತ ಸಾಫ್ಟ್‌ವೇರ್ ಬರೆದಿಟ್ಕೊಳ್ಳುತ್ತೆ, ತೆರೆಯೋವಾಗ ಓದ್ಕೊಳ್ಳುತ್ತೆ. ಬೇಸಿಕ್ಸ್ ಅಷ್ಟೇ. ಅವರ ಸೆಟ್ಟಿಂಗ್ಸ್ ಫೈಲ್ ತರಿಸ್ಕೊಂಡು ನೋಡಿದೆ.

[ಪರದೆ ಮೇಲೆ: ಎಡ = -32000, ಮೇಲೆ = -32000]

ಇದನ್ನ ನೋಡಿ ನಂಗೆ ಖುಷಿಯೋ ಖುಷಿ! ಲೆಕ್ಕ ಶುರುವಾಗೋದು ಮುಖ್ಯ ಪರದೆಯ ಎಡ ಮೇಲ್ಮೂಲೆಯಿಂದ, ಅಳತೆ ಪಿಕ್ಸೆಲಲ್ಲಿ, ಅಂದ್ರೆ ಪರದೆಯ ಚುಕ್ಕಿಗಳಲ್ಲಿ. ಮೈನಸ್ ಅಂದ್ರೆ ಆ ಮೂಲೆಯಿಂದ ಎಡಕ್ಕೆ, ಮೇಲಕ್ಕೆ. ವಿಂಡೋಸಲ್ಲಿ ಮಿನಿಮೈಸ್ ಒತ್ತಿದ್ರೆ ವಿಂಡೋ ಮಾಯ ಆಗಲ್ಲ. ಯಾರ ಕಣ್ಣಿಗೂ ಬೀಳದಷ್ಟು ದೂರ, ಈ -32000ಕ್ಕೆ ತಳ್ಳಿ ನಿಲ್ಲಿಸುತ್ತೆ. 16 ಬಿಟ್ ಲೆಕ್ಕದಲ್ಲಿ, ಅಂದ್ರೆ ಒಂದು ಸಂಖ್ಯೆಗೆ 16 ಸೊನ್ನೆ-ಒಂದುಗಳ ಜಾಗ ಕೊಟ್ರೆ, ಅದು -32768ರ ತನಕ ಮಾತ್ರ ಹೋಗುತ್ತೆ, ಅಂದ್ರೆ ಹತ್ತಿರತ್ತಿರ ಊರಾಚೆ. ಇಂಚಿಗೆ 96 ಪಿಕ್ಸೆಲ್ ಅಂತ ಹಿಡಿದು ಲೆಕ್ಕ ಹಾಕಿದೆ: ಸುಮಾರು 8.5 ಮೀಟರ್ ಎಡಕ್ಕೆ, ಅಷ್ಟೇ ಮೇಲಕ್ಕೆ. ಟೇಪ್ ಹಿಡಿದು ಅಳೆದೂ ನೋಡಿದೆ.

[ಕ್ಯಾಮೆರಾ ಕಿಟಕಿಯಿಂದ ಹೊರಗೆ]

ಅಗೋ, ಪಕ್ಕದ ಮನೆ ಟೆರೇಸಲ್ಲಿ ಕಪ್ಪು ನೀರಿನ ಟ್ಯಾಂಕ್ ಇದ್ಯಲ್ಲ? ನಾನು ಮಿನಿಮೈಸ್ ಮಾಡಿರೋ ಬ್ರೌಸರು, ಎಕ್ಸೆಲ್ಲು ಎಲ್ಲಾ ಅಲ್ಲೇ ಒಂದ್ರ ಮೇಲೊಂದು ಕೂತಿವೆ. ಆಂಟಿ ಸಂಡಿಗೆ ಒಣಗಿಸೋಕೆ ಬಂದ್ರೆ ಜಾಗ ಬಿಡ್ಬೇಕು.

ನಮ್ಮ ಬೇಲೂರಿನವರು ಮಿನಿಮೈಸ್ ಆಗಿದ್ದಾಗಲೇ ಕ್ಲೋಸ್ ಮಾಡಿದಾರೆ. ಸಾಫ್ಟ್‌ವೇರ್ ಪಾಪ, ಟ್ಯಾಂಕಿನ ವಿಳಾಸವನ್ನೇ ಮನೆ ವಿಳಾಸ ಅಂತ ಬರ್ಕೊಂಡಿದೆ. ಅನ್‌ಇನ್‌ಸ್ಟಾಲ್ ಮಾಡಿದಾಗ ಆ ಫೈಲ್ ಹೋಗಲಿಲ್ಲ.

ಹಾಗಾದ್ರೆ ಹೆಂಗೆ ನೆನಪಿಡ್ಬೇಕು? ಹಾಸನಾಂಬೆ ಬಾಗಿಲು ಹಾಕೋವಾಗ ಹಚ್ಚಿದ ದೀಪ ಮುಂದಿನ ವರ್ಷ ತೆಗೆದಾಗಲೂ ಉರೀತಿರುತ್ತೆ, ಹೂವು ಬಾಡಿರಲ್ಲ ಅನ್ನೋದು ನಮ್ಮೂರ ನಂಬಿಕೆ. ಕಂಪ್ಯೂಟರ್ ಮುಂದೆ ಕೂರೋರ ಆಸೆಯೂ ಅದೇ, ಬಿಟ್ಟು ಹೋದ ಹಾಗೇ ಇರ್ಬೇಕು. ಆದ್ರೆ ಗರ್ಭಗುಡಿ ಎಲ್ಲೂ ಹೋಗಲ್ಲ, ಮಾನಿಟರ್ ಕೇಬಲ್ ಮಾತ್ರ ಯಾರೋ ಕಿತ್ತಿರ್ತಾರೆ. ಅದಕ್ಕೇ ತೆರೆಯೋವಾಗ ಮೊದಲು ಇವತ್ತು ಯಾವ್ಯಾವ ಪರದೆ ಇದೆ ಅಂತ ವಿಚಾರಿಸ್ಬೇಕು.

"ಮೈನಸ್ ಬಂದ್ರೆ ಸೊನ್ನೆ ಮಾಡಿಬಿಡೋಣ" ಅನ್ನೋ ಬುದ್ಧಿವಂತರೂ ಇದಾರೆ. ಬೇಡಪ್ಪ. ಮುಖ್ಯ ಪರದೆಯ ಎಡಕ್ಕೆ ಎರಡನೇ ಮಾನಿಟರ್ ಇಟ್ರೆ ಅದರ ಲೆಕ್ಕ ನಡೆಯೋದೇ ಮೈನಸ್ಸಲ್ಲಿ.

ಟೈಮ್ ಆಗೋಯ್ತು, ಡೆವಲಪರ್‌ಗಳಿಗೆ ಬೇಗ ಹೇಳಿಬಿಡ್ತೀನಿ. ವಿಂಡೋಸಲ್ಲೇ ಇರೋ ಗೆಟ್‌ವಿಂಡೋಪ್ಲೇಸ್‌ಮೆಂಟ್ ಅನ್ನೋ ಫಂಕ್ಷನ್ ಕೇಳಿದ್ರೆ, ಮಿನಿಮೈಸ್ ಆಗಿದ್ರೂ ಅಸಲಿ ಜಾಗ ಹೇಳುತ್ತೆ. ಸೆಟ್‌ವಿಂಡೋಪ್ಲೇಸ್‌ಮೆಂಟ್ ಪೂರ್ತಿ ಹೊರಗಿರೋದನ್ನ ಒಳಕ್ಕೆ ಎಳ್ಕೊಳ್ಳುತ್ತೆ. ಟೈಟಲ್ ಬಾರ್ ಮಾತ್ರ ಆಚೆ ಇದ್ರೆ ನೀವೇ ನೋಡ್ಕೋಬೇಕು. ಲಿನಕ್ಸಲ್ಲಿ ವಿಂಡೋಗಳನ್ನ ಪರದೆ ಮೇಲೆ ತೋರಿಸೋ ವೇಲ್ಯಾಂಡ್ ಅನ್ನೋ ವ್ಯವಸ್ಥೆಯಲ್ಲಿ ಆ್ಯಪ್‌ಗೆ ತಾನು ಎಲ್ಲಿದೀನಿ ಅನ್ನೋದೇ ಗೊತ್ತಾಗಲ್ಲ, ಅದು ಇನ್ನೊಂದು ವಿಡಿಯೋ.

ಬೇಲೂರಿನ ಸಾರ್, ಟಾಸ್ಕ್‌ಬಾರಲ್ಲಿ ಅದನ್ನ ಕ್ಲಿಕ್ ಮಾಡಿ. ಆಲ್ಟ್ ಹಿಡಿದು ಸ್ಪೇಸ್, ಆಮೇಲೆ ಎಂ, ಯಾವುದಾದ್ರೂ ಒಂದು ಆರೋ ಕೀ. ಈಗ ಮೌಸ್ ಅಲ್ಲಾಡಿಸಿ, ವಿಂಡೋ ಟ್ಯಾಂಕ್ ಹತ್ರದಿಂದ ಬಂದು ಅಂಟ್ಕೊಳ್ಳುತ್ತೆ. ಕ್ಲಿಕ್ ಮಾಡಿ, ಬಿಲ್ ಹಾಕಿ.