ಕಬಡ್ಡಿಗೂ ಚೆಂಡೆಗೂ ಒಂದೇ ಸೂರು: ಒಳಾಂಗಣ ಅರೀನಾದ ಗುಟ್ಟೇನು?

[ದೃಶ್ಯ: ತಗಡಿನ ಮಾಡಿನ ಮೇಲೆ ಜೋರು ಮಳೆ]

ನಮಸ್ಕಾರ. ನಮ್ಮ ಕಾಸರಗೋಡಿನಲ್ಲಿ ಮಳೆಗಾಲದ ಮುಂಚಿನ ಪತ್ತನಾಜೆ ದಿನ ಕಳೆಯಿತೆಂದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ತಿರುಗಾಟ ನಿಲ್ಲುತ್ತದೆ. ಆಮೇಲೆ ಯಕ್ಷಗಾನದ ಆಟ, ವೇಷವಿಲ್ಲದೆ ಕೂತು ಮಾತಾಡುವ ತಾಳಮದ್ದಳೆ ಕೂಟ ಎಲ್ಲ ಹಾಲ್ ಒಳಗೆ. ಗದ್ದೆಯ ಕಬಡ್ಡಿ ಅಂಕಣ ಕೆಸರು. ಎರಡಕ್ಕೂ ಆಗುವ ಒಂದು ದೊಡ್ಡ ಒಳಾಂಗಣ ಅರೀನಾ ಬೇಕು ಅಂತ ನಮಗೆಲ್ಲ ಆಸೆ, ಅಲ್ವಾ? ಆದರೆ ಸುಮ್ನೆ ಮಾಡು ಎಬ್ಬಿಸಿದರೆ ಸಾಲದು.

ಒಂದು ಮಳೆಗಾಲ, ಕ್ರೀಡೆಗೆ ಕಟ್ಟಿದ ಹಾಲ್‌ನಲ್ಲಿ ತಾಳಮದ್ದಳೆ ಕೇಳಲು ಹೋಗಿದ್ದೆ. ಹಿಂದಿನ ಸಾಲು. ಚೆಂಡೆಯ ಒಂದೊಂದು ಪೆಟ್ಟೂ ಗೋಡೆಗೆ ಬಡಿದು ಎರಡಾಗಿ ಬರುತ್ತಿತ್ತು. ಅರ್ಥಧಾರಿಯ, ಅಂದರೆ ಪಾತ್ರವಾಗಿ ಅರ್ಥ ಹೇಳುವ ಕಲಾವಿದನ, ಮಾತು ಒಂದಕ್ಕೊಂದು ಅಂಟಿಕೊಂಡಿತ್ತು. ಪಕ್ಕದ ಅಜ್ಜ ಕಿವಿಗೆ ಕೈ ಅಡ್ಡ ಹಿಡಿದು ಮುಂದಕ್ಕೆ ಬಾಗಿ ಕೂತಿದ್ದರು. ಮೈಕ್ ಜಾಸ್ತಿ ಮಾಡಿದರು. ಗದ್ದಲವೇ ಜಾಸ್ತಿಯಾಯಿತು.

ಯಾಕೆ ಹೀಗೆ? ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. 17 ಮೀಟರ್ ದೂರದ ಗೋಡೆಗೆ ಹೋಗಿ ಮರಳಲು ಸೆಕೆಂಡಿನ ಹತ್ತರಲ್ಲಿ ಒಂದು ಪಾಲು ಬೇಕು. ಅಷ್ಟು ತಡವಾದರೆ ಕಿವಿಗೆ ಅದು ಬೇರೆಯೇ ಶಬ್ದ. ಕ್ರೀಡೆಗೆ ಕಟ್ಟಿದ ಜಾಗದಲ್ಲಿ ಗೋಡೆಗಳು ದೂರವೇ ಇರುತ್ತವೆ. ಬಾಸ್ಕೆಟ್‌ಬಾಲ್ ಅಂಕಣವೇ 28 ಮೀಟರ್ ಉದ್ದ, ಅದರ ಸುತ್ತ ಗ್ಯಾಲರಿ ಬೇರೆ.

[ದೃಶ್ಯ: ಹಳೆಯ ಉಪನ್ಯಾಸ ಕೋಣೆಯ ಚಿತ್ರ]

1895ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲೂ ಇದೇ ತಲೆನೋವು. ಹೊಸ ಉಪನ್ಯಾಸ ಕೋಣೆಯಲ್ಲಿ ಆಡಿದ ಮಾತು ಐದೂವರೆ ಸೆಕೆಂಡ್ ಗುಂಯ್‌ಗುಟ್ಟುತ್ತಿತ್ತು. ವ್ಯಾಲೇಸ್ ಸಬೀನ್ ಎಂಬ ಯುವ ಮೇಷ್ಟ್ರು ರಾತ್ರಿ ಹೊತ್ತು ಹತ್ತಿರದ ಥಿಯೇಟರಿನ ಸೀಟಿನ ಮೆತ್ತೆಗಳನ್ನು ಹೊತ್ತು ತಂದು ಹರಡಿ ಅಳೆದರು. ಮೆತ್ತೆ ಹೆಚ್ಚಿದಷ್ಟೂ ಗುಂಯ್ ಕಡಿಮೆ. ಜನರ ಮೈ, ಬಟ್ಟೆ ಕೂಡ ಶಬ್ದ ಹೀರುತ್ತದೆ. ಕೋಣೆ ದೊಡ್ಡದಾದಷ್ಟೂ ಹೀರುವ ವಸ್ತು ಜಾಸ್ತಿ ಬೇಕು. ಇವತ್ತಿಗೂ ಲೆಕ್ಕ ಶುರುವಾಗುವುದು ಅವರ ಸೂತ್ರದಿಂದಲೇ.

ಹಾಗಾಗಿ ಒಳ್ಳೆಯ ಅರೀನಾದಲ್ಲಿ ತಗಡಿನ ಒಳಬದಿಗೆ ತೂತು ತೂತಿನ ಹಾಳೆ, ಅದರ ಹಿಂದೆ ಹತ್ತಿಯಂಥ ರಾಕ್‌ವೂಲ್ ಕೂರಿಸುತ್ತಾರೆ. ನಮಗೆ ಇದು ಎರಡು ಪಟ್ಟು ಲಾಭ: ಒಳಗಿನ ಗುಂಯ್ ಇಳಿಯುತ್ತದೆ, ಮಾಡಿನ ಮೇಲಿನ ಮಳೆ ಸದ್ದೂ ತಗ್ಗುತ್ತದೆ.

ಸಂಗೀತಕ್ಕೆ ಸ್ಪೀಕರ್, ಲೈಟು ಮೇಲಿಂದ ತೂಗಬೇಕು. ಆ ಭಾರ ತೊಲೆಯ ಲೆಕ್ಕದಲ್ಲಿ ಮೊದಲೇ ಸೇರಿರಬೇಕು. ನೆಲದ್ದು ಸುಲಭ. ಕಬಡ್ಡಿ ಮ್ಯಾಟ್ ಸುತ್ತಿಟ್ಟು ಹಲಗೆ ಹಾಸಿದರೆ ಆಯಿತು.

ಮುಂಬೈ ವರ್ಲಿಯ ಗುಮ್ಮಟದ ಒಳಾಂಗಣ ನೋಡಿ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದದ್ದು ಅಲ್ಲೇ. ಸಂಗೀತ ಕಾರ್ಯಕ್ರಮಗಳೂ ಅಲ್ಲೇ ನಡೆಯುತ್ತವೆ.

ನಿಮ್ಮೂರಲ್ಲಿ ಇಂಥದ್ದರ ನಕ್ಷೆ ತೋರಿಸಿದರೆ, ಎಷ್ಟು ಸೀಟು ಅಂತ ಆಮೇಲೆ ಕೇಳಿ. ಮಾಡಿನ ಒಳಬದಿಗೆ ಏನು ಹಾಕುತ್ತೀರಿ ಅಂತ ಮೊದಲು ಕೇಳಿ. ಹಿಂದಿನ ಸಾಲಿನ ಆ ಅಜ್ಜನಿಗೂ ಅರ್ಥ ಕೇಳಬೇಕು.